ಬಾಡಿಗೆಯ ನೌಕೆ

ಕತ್ತಿಯು ಕೊಂದಿತೆಂದು ಕತ್ತಿಯನ್ನು ದಂಡಿಸುವವರಿಲ್ಲ. ಕರ್ತೃವಿನ ಪಾಪವು ಕರಣಕ್ಕೆ ಅಂಟದೆಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. (ಇಂಗ್ಲೆಂಡಿನವರು ಮಾತ್ರ ಮನುಷ್ಯನ ಸಾವಿಗೆ ಕಾರಣವಾದ ಬಂಡಿಯನ್ನೋ ಪಶುವನ್ನೋ ರಾಜನ ಸ್ವತ್ತೆಂದು ಮುಟ್ಟುಗೋಲು ಹಾಕುವ ನಿಯಮವನ್ನು 1846ರವರೆಗೂ ಬಿಟ್ಟಿರಲಿಲ್ಲ!) ಹಾಗಾದರೆ ಕೈದಿಗಳನ್ನು ಹೊತ್ತ ವರ್ತಕನೌಕೆಯ ವಿಷಯದಲ್ಲಿ ಏನು ಹೇಳಬೇಕು?

'ಎಡ್ವಿನ್ ಫಾಕ್ಸ್' ಎಂಬ ಹಡಗು 1853ರಲ್ಲಿ ಕಲ್ಕತ್ತೆಯ ಎದುರಿಗೆ, ಹೂಗ್ಲಿಯ ದಡದಲ್ಲಿ, ತೇಗದ ಮರದಿಂದ ನಿರ್ಮಿತವಾಯಿತು. ಹುಟ್ಟಿದೊಡನೆಯೇ ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು ಸಾಗಿಸಿತು. 1858ರಲ್ಲಿ ಸುಮಾರು 280 ಮಂದಿ ಕೈದಿಗಳನ್ನು ಇಂಗ್ಲೆಂಡಿನಿಂದ ಪಶ್ಚಿಮ ಆಸ್ಟ್ರೇಲಿಯದ ಫ್ರೀಮ್ಯಾಂಟಲಿಗೆ ಒಯ್ದಿತು. 1873ರಿಂದ 1880ರೊಳಗೆ ನಾಲ್ಕು ಯಾನಗಳಲ್ಲಿ, ಹೊಸ ಬಾಳನ್ನರಸಿ ಹೊರಟ ಕುಟುಂಬಗಳನ್ನು ನ್ಯೂಜಿಲೆಂಡಿಗೆ ಮುಟ್ಟಿಸಿತು. ಸಂಕೋಲೆಯವನನ್ನೂ ಆಶೆಯ ಮೂಟೆ ಹೊತ್ತವನನ್ನೂ ಒಂದೇ ಒಡಲು ಧರಿಸಿತು. ಮರಕ್ಕೆ ಭೇದ ತಿಳಿಯದು. ಭೇದವಿದ್ದುದು ಬಾಡಿಗೆಯ ಕರಾರಿನಲ್ಲಿ.

ಆದರೆ ಒಡೆಯನು ಮರವಲ್ಲವಷ್ಟೆ. "ಶಿಕ್ಷೆ ವಿಧಿಸಿದವನು ನ್ಯಾಯಾಧೀಶ, ಕಳುಹಿಸಿದುದು ಸರಕಾರ, ನಾನು ಸಾಗಿಸಿದವನು ಮಾತ್ರ" ಎಂದು ಅವನು ಹೇಳಬಹುದು. ಈ ಮಾತಿನ ತೂಕವನ್ನು 1790ರ ಎರಡನೆಯ ನೌಕಾಸಮೂಹವು ತೋರಿಸಿಕೊಟ್ಟಿತು. ಗುತ್ತಿಗೆದಾರರಿಗೆ ಹಣ ಸಲ್ಲುತ್ತಿದ್ದುದು ಹಡಗು ಹತ್ತಿದ ತಲೆಯೊಂದಕ್ಕೆ ಇಷ್ಟೆಂದು, ದಡ ಸೇರಿದ ತಲೆಗಲ್ಲ. ಆದುದರಿಂದ ದಾರಿಯಲ್ಲಿ ಸತ್ತವನ ಅನ್ನವೂ ಲಾಭವೇ ಆಯಿತು. ಸುಮಾರು ಕಾಲುಪಾಲು ಕೈದಿಗಳು ಸಮುದ್ರದಲ್ಲಿಯೇ ಅಳಿದರು. ಬಳಿಕ ಜೀವಂತವಾಗಿ ಇಳಿದವರ ಲೆಕ್ಕಕ್ಕೆ ಹಣದ ಒಂದು ಭಾಗವನ್ನು ಜೋಡಿಸಿದರು. ಮುಂದೆ ವೈದ್ಯರಿಗೆ ಮೇಲ್ವಿಚಾರಣೆಯ ಅಧಿಕಾರವನ್ನಿತ್ತರು. ಸಾವುಗಳು ಬಹಳವಾಗಿ ತಗ್ಗಿದವು. ಸಮುದ್ರವು ಅದೇ, ಹಡಗುಗಳೂ ಆ ತೆರನವೇ. ಲೆಕ್ಕದ ಪುಸ್ತಕದ ಒಂದು ಸಾಲು ಇಷ್ಟು ಜೀವಗಳನ್ನು ಉಳಿಸಬಲ್ಲುದಾದರೆ, ಸಾಗಿಸುವವನ ಕೈ ಬರಿಯ ಕರಣವೆಂಬ ವಾದವು ನಿಲ್ಲಲಾರದು. ಕೈದಿಯು ದೋಷಿಯೇ ಇದ್ದಿರಲಿ; ಅವನಿಗೆ ನ್ಯಾಯಾಲಯವು ವಿಧಿಸಿದ್ದುದು ದೇಶಾಂತರವಾಸವೇ ಹೊರತು ಹಸಿವಲ್ಲ.

'ಎಡ್ವಿನ್ ಫಾಕ್ಸ್' ಆ ಘೋರದ ಕಾಲದ್ದಲ್ಲ. ಸುಧಾರಿಸಿದ ಕರಾರಿನ ಕಾಲದ್ದು. ಉಗಿಹಡಗುಗಳು ಬಂದ ಮೇಲೆ ಅದರ ಹಾಯಿಗಳಿಗೆ ಕೆಲಸವಿಲ್ಲದಾಯಿತು. ಮೊದಲು ಕುರಿಮಾಂಸವನ್ನು ಹೆಪ್ಪುಗಟ್ಟಿಸುವ ತೇಲುಮನೆಯಾಯಿತು, ಆಮೇಲೆ ಕಲ್ಲಿದ್ದಲಿನ ಉಗ್ರಾಣ. 1965ರಲ್ಲಿ ಹಳೆಯದನ್ನು ಕಾಪಾಡಬಯಸಿದವರು ಅದನ್ನು ಒಂದು ಶಿಲ್ಲಿಂಗಿಗೆ ಕೊಂಡರು. ಇಂದು ನ್ಯೂಜಿಲೆಂಡಿನ ಪಿಕ್ಟನ್ ಬಂದರಿನ ಒಣ ಕಟ್ಟೆಯಲ್ಲಿ ಅದರ ಒಡಲು ನಿಂತಿದೆ. ವಲಸೆಗಾರರ ಸಂತತಿಯವರಿಗೂ ಕೈದಿಗಳ ಸಂತತಿಯವರಿಗೂ ನೋಡಲು ಇರುವುದು ಅದೇ ಹಲಗೆಗಳು.