ಕ್ರಯಪತ್ರದಲ್ಲಿ ಬರೆಯದ ಹೊಣೆ

ಹಳೆಯ ಕಟ್ಟಡವೊಂದನ್ನು ಕೊಳ್ಳುವವನು ನೆಲ, ಗೋಡೆ, ಮಾಡುಗಳಿಗೆ ಬೆಲೆ ಕಟ್ಟಿ ಹಣ ತೆರುತ್ತಾನೆ. ಆ ಗೋಡೆಗಳ ನಡುವೆ ಹಿಂದೆ ಮನುಷ್ಯರು ಅನುಭವಿಸಿದ ಸುಖದುಃಖಗಳ ಮಾತು ಕ್ರಯಪತ್ರದಲ್ಲಿ ಇರುವುದಿಲ್ಲ. ಆದುದರಿಂದ ಅವುಗಳ ವಿಷಯದಲ್ಲಿ ಕೊಂಡವನಿಗೆ ಹೊಣೆಯೇ ಇಲ್ಲವೆನ್ನಬಹುದೆ? ಲಂಡನ್ ನಗರದ ಬೋ ಸ್ಟ್ರೀಟ್ ನ್ಯಾಯಾಲಯದ ಚರಿತ್ರೆಯು ಈ ಪ್ರಶ್ನೆಯನ್ನು ವಿಚಾರವಂತರ ಮುಂದಿಡುತ್ತದೆ.

ಆ ಬೀದಿಯಲ್ಲಿ 1740ರಲ್ಲಿ ಥಾಮಸ್ ಡಿ ವೀಲ್ ಎಂಬ ಮ್ಯಾಜಿಸ್ಟ್ರೇಟನು ತನ್ನ ಮನೆಯಲ್ಲಿಯೇ ವಿಚಾರಣೆಗಳನ್ನು ನಡೆಸತೊಡಗಿದನು. ಅವನ ತರುವಾಯ ಬಂದ ಕಾದಂಬರಿಕಾರ ಹೆನ್ರಿ ಫೀಲ್ಡಿಂಗನು 1749ರಲ್ಲಿ ಅಪರಾಧಿಗಳನ್ನು ಹಿಡಿಯಲು ಸಣ್ಣದೊಂದು ಪಡೆಯನ್ನು ಕಟ್ಟಿದನು. ಇಂದಿಗೂ ನಿಂತಿರುವ ಭವ್ಯವಾದ ಕಟ್ಟಡವು 1881ರಲ್ಲಿ, ರಾಯಲ್ ಆಪೆರಾ ಹೌಸಿನ ಎದುರಿಗೆ, ನ್ಯಾಯಾಲಯವೂ ಪೊಲೀಸ್ ಠಾಣೆಯೂ ಒಂದೆಡೆ ಸೇರಿದ ನೆಲೆಯಾಗಿ ತೆರೆಯಿತು.

ದಿನಬೆಳಗಾದರೆ ಕುಡುಕರು, ಜೇಬುಗಳ್ಳರು, ದಿಕ್ಕಿಲ್ಲದ ಬಡವರು ಅಲ್ಲಿನ ಕಟಕಟೆಯಲ್ಲಿ ನಿಲ್ಲುತ್ತಿದ್ದರು. ಹೆಸರಾಂತರೂ ನಿಂತರು. 1895ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್, 1908ರಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಅಲ್ಲಿಗೆ ತರಲ್ಪಟ್ಟರು. 1910ರಲ್ಲಿ ಲಂಡನ್ನಿನಲ್ಲಿ ಬಂಧಿತರಾದ ವಿನಾಯಕ ದಾಮೋದರ ಸಾವರ್ಕರರನ್ನು ವಿಚಾರಣೆಗಾಗಿ ಭಾರತಕ್ಕೆ ಕಳುಹಿಸಬೇಕೆಂಬ ಆದೇಶವಾದುದೂ ಅಲ್ಲಿಯೇ. ಚಿಲಿ ದೇಶದ ಮಾಜಿ ಸರ್ವಾಧಿಕಾರಿ ಪಿನೋಚೆಯನ್ನು ಸ್ಪೇನಿಗೆ ಒಪ್ಪಿಸಬಹುದೆಂದು 1999ರಲ್ಲಿ ತೀರ್ಪಿತ್ತುದೂ ಅದೇ ನ್ಯಾಯಾಲಯ.

2006ರ ಜುಲೈ ತಿಂಗಳಿನಲ್ಲಿ ನ್ಯಾಯಾಲಯವನ್ನು ಮುಚ್ಚಲಾಯಿತು. ಕಟ್ಟಡವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುತ್ತ ಹಲವು ವರ್ಷ ಬರಿದಾಗಿದ್ದು, 2021ರಲ್ಲಿ ಐಷಾರಾಮದ ಹೋಟೆಲಾಗಿ ಬಾಗಿಲು ತೆರೆಯಿತು. ಮ್ಯಾಜಿಸ್ಟ್ರೇಟರು ಕುಳಿತಿದ್ದ ಕಡೆ ಈಗ ಔತಣಕೂಟಗಳು ನಡೆಯುತ್ತವೆ. ಬಡವನನ್ನು ಬಲವಂತದಿಂದ ಎಳೆತಂದ ಎಡೆಗೆ ಧನಿಕನು ಹಣ ತೆತ್ತು ಬರುತ್ತಾನೆ.

ಇದನ್ನು ಕಂಡು ಮನಸ್ಸು ನೊಂದುಕೊಳ್ಳುವುದು ಸಹಜ. ಆದರೆ ವ್ಯವಹಾರ ಬಲ್ಲವರು ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆದಾಯವಿಲ್ಲದ ಕಟ್ಟಡಕ್ಕೆ ದುರಸ್ತಿಯಿಲ್ಲ, ದುರಸ್ತಿಯಿಲ್ಲದ ಕಟ್ಟಡಕ್ಕೆ ಆಯುಷ್ಯವಿಲ್ಲ. ಬೀಗ ಹಾಕಿದ ಮನೆಯಲ್ಲಿ ಸ್ಮರಣೆಯೂ ಗೆದ್ದಲು ಹಿಡಿಯುತ್ತದೆ. ಅತಿಥಿಗಳಿಗೆ ಅನ್ನವನ್ನೂ ಹಾಸಿಗೆಯನ್ನೂ ಒದಗಿಸುವ ವೃತ್ತಿ ತಾನಾಗಿ ದೋಷವುಳ್ಳದ್ದಲ್ಲ. ದೋಷ ಹುಟ್ಟುವುದು, ನೊಂದವರ ಕಣ್ಣೀರನ್ನು ವಿನೋದದ ಅಲಂಕಾರವಾಗಿ ಬಳಸಿದಾಗ, ಅಥವಾ ಅದನ್ನು ಸಂಪೂರ್ಣವಾಗಿ ಅಳಿಸಿಹಾಕಿದಾಗ.

ಅಳಿಸುವುದರಿಂದ ಆಗುವ ಹಾನಿ ಏನು? ಎಮೆಲಿನ್ ಪ್ಯಾಂಕ್‌ಹರ್ಸ್ಟರಿಗೆ 1908ರಲ್ಲಿ ಆ ಪೀಠ ವಿಧಿಸಿದ್ದು ಮೂರು ತಿಂಗಳ ಸೆರೆವಾಸ. 1928ರಲ್ಲಿ ಅದೇ ದೇಶವು ಸ್ತ್ರೀಯರಿಗೆ ಪುರುಷರೊಡನೆ ಸಮಾನವಾದ ಮತಾಧಿಕಾರವನ್ನು ಕೊಟ್ಟಿತು. 1930ರಲ್ಲಿ ಪಾರ್ಲಿಮೆಂಟ್ ಭವನದ ಪಕ್ಕದ ಉದ್ಯಾನದಲ್ಲಿ ಅವರ ಪ್ರತಿಮೆ ನಿಂತಿತು. ಪ್ರತಿಮೆಯನ್ನು ಮಾತ್ರ ಉಳಿಸಿ ಕಟಕಟೆಯನ್ನು ಮರೆತರೆ, ಆ ದೇಶ ಮೊದಲಿನಿಂದಲೂ ನ್ಯಾಯದ ಪಕ್ಷದಲ್ಲಿಯೇ ಇತ್ತೆಂದು ಮಕ್ಕಳು ನಂಬಿಯಾರು. ತಾನು ಎಡವಿದ ಕಲ್ಲನ್ನು ತೋರಿಸುವ ಹಿರಿಯನಿಂದಲೇ ಕಿರಿಯನು ನಡೆಯಲು ಕಲಿಯುವುದು.

ಬೋ ಸ್ಟ್ರೀಟಿನಲ್ಲಿ ಈ ಕಲ್ಲನ್ನು ಅಷ್ಟಿಷ್ಟು ಉಳಿಸಿದ್ದಾರೆಂಬುದು ಸಮಾಧಾನದ ವಿಷಯ. ಠಾಣೆಯ ಹಳೆಯ ಸೆರೆಕೋಣೆಗಳಿದ್ದ ಭಾಗದಲ್ಲಿ 2021ರಲ್ಲಿಯೇ ಪುಟ್ಟ ವಸ್ತುಸಂಗ್ರಹಾಲಯವೊಂದು ಆರಂಭವಾಯಿತು. ಹೋಟೆಲಿನಲ್ಲಿ ತಂಗದವರೂ ಅಲ್ಲಿಗೆ ಹೋಗಿ ಆ ಕೋಣೆಗಳ ಇಕ್ಕಟ್ಟನ್ನು ಕಣ್ಣಾರೆ ಕಾಣಬಹುದು.

ಹಲವರ ಆಸ್ತಿಯನ್ನು ಕಾಯುವ ಹೊಣೆ ಹೊತ್ತವರಿಗೆ ಇದರಲ್ಲಿ ಪಾಠವುಂಟು. ಛತ್ರವಾಗಲಿ, ಪಾಠಶಾಲೆಯಾಗಲಿ, ಮಾರಬೇಕಾದ ಕಾಲ ಬಂದೀತು. ಮಾರುವುದು ಪಾಪವಲ್ಲ. ಆದರೆ ರುಜು ಹಾಕುವ ಮುನ್ನ, ಅಲ್ಲಿ ಏನು ನಡೆಯಿತು, ಯಾರು ನೊಂದರು, ಯಾರು ಉಂಡರು ಎಂಬುದನ್ನು ವಿಚಾರಿಸಿ, ಅದರ ಗುರುತಿಗೆ ಒಂದು ಕೋಣೆಯನ್ನಾದರೂ ಮೀಸಲಿಡಬೇಕೆಂಬ ಷರತ್ತನ್ನು ಪತ್ರದಲ್ಲಿ ಸೇರಿಸುವುದು ಮಾರುವವರ ಕರ್ತವ್ಯ. ಅದನ್ನು ಪಾಲಿಸುವುದು ಕೊಂಡವರ ಧರ್ಮ.