ಕಳ್ಳು, ಬಿಯರು ಮತ್ತು ಮರ್ಯಾದೆ

ನಾನು ಕುಡಿಯುವವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ಬರೆಯಲಿರುವ ವಿಷಯದಲ್ಲಿ ನನಗಿರುವ ಅನುಭವ ಎಷ್ಟು ಕಡಿಮೆ ಎಂಬುದು ಓದುಗರಿಗೆ ಮೊದಲೇ ತಿಳಿದಿರಲೆಂದು ಹೇಳುತ್ತಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಬಿಯರಿನ ಗೊಡವೆ ಏಕೆ ಎಂದು ಕೇಳಿದರೆ, ಅದಕ್ಕೆ ನನ್ನ ಅಕ್ಕನ ಮಗನೇ ಕಾರಣ.

ಅವನು ಅಮೆರಿಕದಲ್ಲಿ ಎಂಜಿನಿಯರು. ಕಳೆದ ಬೇಸಿಗೆಯಲ್ಲಿ ರಜೆ ಪಡೆದು ಮಣಿಪಾಲದಲ್ಲಿರುವ ಅಕ್ಕನ ಮನೆಗೆ ಬಂದಿದ್ದ. ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ಕೆಲವರು ಗುಲಾಬಿ ಬೆಳೆಸುತ್ತಾರೆ. ಅವನ ಹವ್ಯಾಸ ಮನೆಯಲ್ಲಿ ಬಿಯರು ತಯಾರಿಸುವುದು. ಕುಡಿಯುವುದಕ್ಕಿಂತ ಮಾಡುವುದರಲ್ಲೇ ತನಗೆ ಹೆಚ್ಚು ಸಂತೋಷವೆಂದು ಅವನು ಹೇಳಿದಾಗ ನಾನು ನಂಬಲಿಲ್ಲ. ಆದರೆ ಅವನು ವಿವರಿಸತೊಡಗಿದ ಮೇಲೆ ನಂಬದಿರುವುದು ಕಷ್ಟವಾಯಿತು.

ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆಯಬೇಕು. ನಾವು ರಾಗಿ ಮಾಲ್ಟಿಗೆ ಮಾಡುವಂತೆಯೇ. ಅದನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಹಿಟ್ಟು ಸಿಹಿಯಾಗುತ್ತದೆ. ಸೋಸಿದ ಆ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಮತ್ತೊಂದು ಗಂಟೆ ಕುದಿಸಿ, ಬೇಗನೆ ಆರಿಸಿ, ಯೀಸ್ಟ್ ಬೆರೆಸಿ, ಮುಚ್ಚಿಡಬೇಕು. ಎರಡು ವಾರ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು; ನಮ್ಮ ಕರಾವಳಿಯ ಸೆಕೆಗೆ ಬಿಟ್ಟರೆ ರುಚಿ ಕೆಡುತ್ತದೆ. ಆಮೇಲೆ ಸೀಸೆಗೆ ತುಂಬಿ, ಸ್ವಲ್ಪ ಸಕ್ಕರೆ ಹಾಕಿ, ಮತ್ತೆರಡು ವಾರ ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಶುಚಿ. ಪಾತ್ರೆ, ಸೌಟು, ಕೊಳವೆ, ಮುಚ್ಚಳ ಎಲ್ಲವನ್ನೂ ಔಷಧಿನೀರಿನಲ್ಲಿ ತೊಳೆದು, ತೊಳೆದುದನ್ನು ಮತ್ತೆ ಮುಟ್ಟಬಾರದು.

“ನಮ್ಮ ಅಜ್ಜಿಯ ಮಡಿ ಇದಕ್ಕಿಂತ ಸುಲಭವಾಗಿತ್ತು,” ಎಂದಳು ಅಕ್ಕ.

ಅವನಿಗೆ ಇಲ್ಲಿಯೂ ಒಮ್ಮೆ ಮಾಡಿ ತೋರಿಸುವ ಆಸೆ. ನಾನು ಬೇಡವೆಂದೆ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ 2010ರ ಈಚೆಗೆ ಹೋಟೆಲಿನೊಳಗೇ ಬಿಯರು ತಯಾರಿಸುವ ಅಂಗಡಿಗಳು ಎದ್ದಿವೆ. ಆದರೆ ಅವರ ಬಳಿ ಲೈಸೆನ್ಸೂ ಇದೆ, ಬಂಡವಾಳವೂ ಇದೆ. ಅಡುಗೆಮನೆಯವರಿಗೆ ಆ ಅವಕಾಶವಿಲ್ಲ. ಹುಡುಗ ವಾದಿಸಲಿಲ್ಲ. ಅಮೆರಿಕದಲ್ಲಿಯೂ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕುವವರೆಗೆ ಮನೆಯ ಬಿಯರಿಗೆ ಕಾನೂನಿನ ಮಾನ್ಯತೆ ಇರಲಿಲ್ಲವಂತೆ. ಅದೇ ವರ್ಷ ಕೊಲೊರಾಡೊದ ಬೌಲ್ಡರ್ ಎಂಬ ಊರಿನಲ್ಲಿ, ಶಾಲಾ ಉಪಾಧ್ಯಾಯನಾಗಿದ್ದ ಚಾರ್ಲಿ ಪಪೇಜಿಯನ್ ಎಂಬಾತ ಗೆಳೆಯನೊಬ್ಬನೊಂದಿಗೆ ಸೇರಿ ಮನೆಯಲ್ಲಿ ಬಿಯರು ಮಾಡುವವರ ಸಂಘವನ್ನು ಕಟ್ಟಿದ. ಈಗ ಅಂಥ ಕೂಟಗಳು ಊರೂರಿನಲ್ಲಿವೆ. ನನ್ನ ಅಳಿಯನ ಕೂಟ ತಿಂಗಳಿಗೊಮ್ಮೆ ಸೇರುತ್ತದೆ. ಪ್ರತಿಯೊಬ್ಬನೂ ತಾನು ಮಾಡಿದ ಎರಡು ಸೀಸೆ ತರುತ್ತಾನೆ. ಉಳಿದವರು ಒಂದೊಂದು ಗುಟುಕು ರುಚಿ ನೋಡಿ ತಪ್ಪು ಹೇಳುತ್ತಾರೆ. ಹೊಸಬನಿಗೆ ಹಳಬರು ಪಾತ್ರೆ ಎರವಲು ಕೊಡುತ್ತಾರೆ, ಯೀಸ್ಟ್ ಹಂಚುತ್ತಾರೆ.

“ಒಬ್ಬನೇ ಪುಸ್ತಕ ಓದಿ ಕಲಿಯಲು ಹೋದಾಗ ಮೊದಲ ಮೂರು ಬಾರಿ ಹಾಳಾಯಿತು ಮಾವ. ಜೊತೆಗಾರರು ಸಿಕ್ಕಿದ ಮೇಲೆಯೇ ಕೈ ಹದಕ್ಕೆ ಬಂದದ್ದು,” ಎಂದ ಅವನು.

“ಅದರಲ್ಲೇನು ಆಶ್ಚರ್ಯ?” ಎಂದಳು ಅಕ್ಕ. “ಈ ಮನೆಗೆ ಬಂದ ದಿನ ನಾನು ಮೊಸರಿನ ಹೆಪ್ಪನ್ನು ಪಕ್ಕದ ಮನೆಯಿಂದಲ್ಲವೇ ಕೇಳಿ ತಂದದ್ದು?”

ಅವಳ ಮಾತು ತಮಾಷೆಯದಾದರೂ ತೂಕದ್ದು. ಅಕ್ಕಿ ಬೇಯಿಸಲು ಯಾರ ಹಂಗೂ ಬೇಡ. ಹುಳಿ ಬರಿಸಬೇಕಾದರೆ ಮಾತ್ರ ನಿನ್ನೆಯದು ಬೇಕು, ಅಥವಾ ನೆರೆಯವರದು ಬೇಕು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1883ರಲ್ಲಿ ಹ್ಯಾನ್ಸನ್ ಎಂಬ ವಿಜ್ಞಾನಿ ಬಿಯರಿನ ಯೀಸ್ಟನ್ನು ಮೊದಲ ಬಾರಿಗೆ ಶುದ್ಧವಾಗಿ ಬೇರ್ಪಡಿಸಿದಾಗ, ಅದರ ಮಾಲೀಕ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ತನ್ನ ಪ್ರತಿಸ್ಪರ್ಧಿಗಳಿಗೂ ಕೊಟ್ಟನು. ಹೆಪ್ಪು ಕೇಳಿದವರಿಗೆ ಇಲ್ಲವೆನ್ನಬಾರದೆಂಬ ನಮ್ಮ ಹೆಂಗಸರ ನ್ಯಾಯವೇ ಅಲ್ಲಿಯೂ ನಡೆದಿತ್ತು.

ಮರುದಿನ ಅಳಿಯ ಕೇಳಿದ: “ಮಾಡುವುದು ಬೇಡ, ಇರಲಿ. ಈ ಕಡೆ ಇಂಥ ಕೆಲಸ ಬಲ್ಲವರು ಯಾರೂ ಇಲ್ಲವೇ? ಮಾತಾಡಿಯಾದರೂ ಬರೋಣ.”

ಇಲ್ಲವೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಬಲ್ಲವರು ಇರಲಿಲ್ಲವೆಂದೇನೂ ಅಲ್ಲ. ಅವರನ್ನು ಆ ಲೆಕ್ಕದಲ್ಲಿ ನಾನು ಎಣಿಸಿರಲಿಲ್ಲ, ಅಷ್ಟೆ.

ಕಾಪುವಿನಲ್ಲಿ, 1901ರ ಆ ದೀಪಸ್ತಂಭ ಕಾಣುವಷ್ಟು ದೂರದಲ್ಲಿ ನಮ್ಮ ಹಿರಿಯರ ಮನೆ. ಹಿತ್ತಿಲಿನ ಕೆಲವು ತೆಂಗಿನಮರಗಳನ್ನು ಕಳ್ಳು ಇಳಿಸಲು ಕೊಟ್ಟಿದ್ದರು. ಆ ಕೆಲಸಕ್ಕೆ ನಮ್ಮಲ್ಲಿ ಮೂರ್ತೆ ಎನ್ನುತ್ತಾರೆ. ಮೂರ್ತೆಯವನು ಬೆಳಿಗ್ಗೆಯೂ ಸಂಜೆಯೂ ಬರುತ್ತಿದ್ದ. ಮರದ ಬಾಡಿಗೆಯನ್ನು ಅಜ್ಜಿ ಅವನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅವನು ಜಗಲಿಯ ಅಂಚಿನಲ್ಲಿಡಬೇಕು, ಅವಳು ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ಕಾಫಿಯೇನಾದರೂ ಕೊಟ್ಟರೆ ಅದು ಗೆರಟೆಯಲ್ಲಿ. ತುಳುವಿನಲ್ಲಿ ಹಿರಿಯರಿಗೆ ‘ಈರ್’ ಎನ್ನಬೇಕೆಂದು ನನಗೆ ಕಲಿಸಿದ್ದರು. ಆದರೆ ನನ್ನ ತಂದೆಯ ವಯಸ್ಸಿನ ಅವನಿಗೆ ನಾನು ‘ಈ’ ಎಂದೇ ಏಕವಚನದಲ್ಲಿ ಕರೆಯುತ್ತಿದ್ದೆ. ಯಾರೂ ತಿದ್ದಲಿಲ್ಲ.

ಅವನ ಮಗ ನನ್ನ ಸಹಪಾಠಿ. 1990ರ ಸುಮಾರಿಗೆ, ಒಂದು ದಿನ ತರಗತಿಯಲ್ಲಿ ಯಾವುದೋ ಫಾರಂ ತುಂಬಲು ಉಪಾಧ್ಯಾಯರು ಪ್ರತಿಯೊಬ್ಬರ ತಂದೆಯ ಉದ್ಯೋಗ ಕೇಳುತ್ತಿದ್ದರು. ಅವನು ಎದ್ದು ನಿಂತು “ಬೇಸಾಯ” ಎಂದ. ನಾನು ಕುಳಿತಲ್ಲಿಂದಲೇ, “ಅಲ್ಲ ಸಾರ್, ಕಳ್ಳು ತೆಗೆಯುವುದು!” ಎಂದು ಕೂಗಿದೆ. ತರಗತಿ ನಕ್ಕಿತು. ನಾನು ಹೇಳಿದ್ದು ಸತ್ಯವೇ ಆಗಿತ್ತು. ಸತ್ಯವನ್ನು ಕಲ್ಲಿನಂತೆ ಬಳಸಬಹುದೆಂದು ನಾನು ಕಲಿತದ್ದು ಅಂದೇ ಇರಬೇಕು.

ಈಗ ಆ ಮೂರ್ತೆಯ ಅಜ್ಜನಿಗೆ ಎಂಬತ್ತರ ಮೇಲಾಗಿದೆ. ಕಾರ್ಕಳದ ಹತ್ತಿರ ಮಗಳ ಮನೆಯಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡು, ಒಂದು ಭಾನುವಾರ ಅಳಿಯನನ್ನು ಕರೆದುಕೊಂಡು ಹಿರಿಯಡ್ಕ, ಬೈಲೂರಿನ ದಾರಿಯಾಗಿ ಹೋದೆ. ಅಜ್ಜ ಅಂಗಳಕ್ಕೆ ಬಂದರು. ಈ ಸಲ ನನ್ನ ಬಾಯಿಂದ ‘ಈರ್’ ಹೊರಟಿತು. ಅವರು ಗಮನಿಸಿದರೋ ಇಲ್ಲವೋ ತಿಳಿಯದು. ನನ್ನನ್ನು “ಮಾಸ್ಟ್ರೇ” ಎಂದು ಕರೆದು ಕುರ್ಚಿ ಹಾಕಿಸಿದರು.

ಆಮೇಲೆ ಎರಡು ಗಂಟೆ ನಾನು ಬರಿಯ ಕೇಳುಗ. ಮಾತೆಲ್ಲ ತುಳುವಿನಲ್ಲಿ. ಹೊಂಬಾಳೆ ಒಡೆಯುವ ಮೊದಲೇ ಅದನ್ನು ಬಿಗಿದು ಕಟ್ಟಿ, ದಿನವೂ ಮೆಲ್ಲಗೆ ಬಡಿಯಬೇಕು. ಪೆಟ್ಟು ಜೋರಾದರೆ ಒಳಗೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಇಳಿಯುವುದಿಲ್ಲ. ತುದಿಯನ್ನು ಎಲೆಯಷ್ಟು ತೆಳ್ಳಗೆ ಕೊಯ್ದು ಮಡಕೆ ಕಟ್ಟಬೇಕು. ಮಡಕೆಯ ಒಳಗೆ ಸುಣ್ಣ ಸವರಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ. ಇಲ್ಲವಾದರೆ ಕೆಲವೇ ಗಂಟೆಗಳಲ್ಲಿ ನೊರೆಯೆದ್ದು ಕಳ್ಳಾಗುತ್ತದೆ, ಹಾಗೆಯೇ ಬಿಟ್ಟರೆ ಕೊನೆಗೆ ವಿನೆಗರಿನಂತೆ ಹುಳಿ. ಶಂಕರಪುರದ ಕಡೆಯ ಕ್ರೈಸ್ತರ ಮನೆಗಳಿಗೆ ಹಬ್ಬದ ಸನ್ನಕ್ಕೆಂದು ಮುಂಜಾವದ ಕಳ್ಳನ್ನು ತಾವೇ ಕೊಂಡೊಯ್ಯುತ್ತಿದ್ದುದನ್ನೂ ಹೇಳಿದರು.

“ಯೀಸ್ಟ್ ಎಲ್ಲಿಂದ ತರುತ್ತಿದ್ದಿರಿ ಅಜ್ಜ? ಹುಳಿ ಬರಿಸುವುದಕ್ಕೆ?”

“ತರುವುದೆಂಥದ್ದು ಮಗಾ, ಅದು ಮಡಕೆಯಲ್ಲೇ ಇರುತ್ತದೆ. ಹೊಸ ಮಡಕೆಯಾದರೆ ಮೊದಲ ದಿನ ಸಪ್ಪೆ. ಆಗ ಪಕ್ಕದ ಹಿತ್ತಿಲಿನ ಮೂರ್ತೆಯವನ ಮಡಕೆಯಿಂದ ಒಂದು ಗೆರಟೆ ತಂದು ಹಾಕುವುದು.”

ಅಳಿಯ ನನ್ನ ಕಡೆ ನೋಡಿದ. ಜರ್ಮನಿಯ ಬವೇರಿಯದಲ್ಲಿ 1516ರಲ್ಲಿ ಬಿಯರಿಗೆ ಕಟ್ಟಳೆ ಮಾಡಿದವರು ಜವೆಗೋಧಿ, ಹಾಪ್ಸ್, ನೀರು ಎಂದಷ್ಟೇ ಬರೆದರು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಪಾಶ್ಚರ್ ಬಿಯರಿನ ಮೇಲೆ ಗ್ರಂಥ ಬರೆದದ್ದು 1876ರಲ್ಲಿ. ಹೆಸರು ತಿಳಿಯದೆಯೇ ಅದನ್ನು ಸಾಕಿ, ನೆರೆಯವನಿಗೆ ಹಂಚಿ ಉಳಿಸಿದವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು.

ದಿನಕ್ಕೆ ಎಷ್ಟು ಮರ ಹತ್ತುತ್ತಿದ್ದಿರಿ ಎಂದು ಅಳಿಯ ಕೇಳಿದ. ಹತ್ತು ಮರ, ಎರಡು ಹೊತ್ತು. ಅವನು ಅಲ್ಲೇ ಲೆಕ್ಕ ಹಾಕಿದ. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ. ಒಂದೊಂದು ಮರವೂ ಗೊಮ್ಮಟನಷ್ಟೇ ಎತ್ತರವೆಂದು ಹಿಡಿದರೂ ದಿನಕ್ಕೆ ಇಪ್ಪತ್ತು ಬಾರಿ, 840 ಅಡಿ ಹತ್ತಬೇಕು, ಅಷ್ಟೇ ಇಳಿಯಬೇಕು. ಮಳೆಗಾಲದಲ್ಲಿ ಜಾರುವ ಕಾಂಡವನ್ನು ಅಪ್ಪಿಕೊಂಡು, ಸೊಂಟದಲ್ಲಿ ಕತ್ತಿಯೊಡನೆ.

ಆಮೇಲೆ ಪ್ರಶ್ನೆ ಕೇಳುವ ಸರದಿ ಅಜ್ಜನದಾಯಿತು. ಅಮೆರಿಕದ ಪಾತ್ರೆಗಳ ಬೆಲೆ ಕೇಳಿ ನಕ್ಕರು. ಕೊನೆಗೆ ಮೆಲ್ಲನೆ ಕೇಳಿದರು: “ಅಲ್ಲಿ ನೀನು ಈ ಕೆಲಸ ಮಾಡುತ್ತಿ ಎಂದು ಜನ ಕೀಳಾಗಿ ನೋಡುವುದಿಲ್ಲವೇ?”

“ಇಲ್ಲ ಅಜ್ಜ. ಆಫೀಸಿನಲ್ಲಿ ಎಲ್ಲರೂ ಹೊಗಳುತ್ತಾರೆ.”

ಅಜ್ಜ ತಲೆಯಾಡಿಸಿ ಸುಮ್ಮನಾದರು. ಆ ಮೌನದಲ್ಲಿ ನನಗೆ ಕುಳಿತಿರಲಾಗಲಿಲ್ಲ. ತರಗತಿಯ ಆ ಹಳೆಯ ಕಥೆಯನ್ನು ತೊದಲುತ್ತ ಹೇಳಿಬಿಟ್ಟೆ.

“ಗೊತ್ತುಂಟು ಮಾಸ್ಟ್ರೇ,” ಎಂದರು. “ಅವನು ಅಂದೇ ಬಂದು ಹೇಳಿದ್ದ. ಅಲ್ಲಿಯವರೆಗೆ ಶಾಲೆ ಬಿಟ್ಟ ಮೇಲೆ ಮರದ ಬುಡಕ್ಕೆ ಬಂದು ಮಡಕೆ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಬರಲಿಲ್ಲ.” ಸ್ವಲ್ಪ ಹೊತ್ತಿನ ಮೇಲೆ, “ಒಳ್ಳೆಯದೇ ಆಯಿತು. ಈಗ ಮುಂಬಯಿಯಲ್ಲಿ ಬ್ಯಾಂಕಿನಲ್ಲಿದ್ದಾನೆ,” ಎಂದರು.

ಈ ‘ಒಳ್ಳೆಯದೇ ಆಯಿತು’ ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅದು ಸುಳ್ಳಲ್ಲ. ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ, ದೇವಾಲಯದ ಹೊರಗೆ ನಿಲ್ಲಿಸಲ್ಪಟ್ಟಿದ್ದ ಬಿಲ್ಲವರಿಗೆ ತಮ್ಮದೇ ಗುಡಿಯನ್ನು ಕೊಟ್ಟರು. ಮುಂದೆ ಮದ್ಯ ಮಾಡುವುದನ್ನೂ ಮಾರುವುದನ್ನೂ ಕುಡಿಯುವುದನ್ನೂ ಬಿಡಬೇಕೆಂದು ಬೋಧಿಸಿದರು. ಕುಡಿತದಿಂದ ಬರಿದಾದ ಮನೆಗಳನ್ನು ಕಂಡವರು ಅದನ್ನು ತಪ್ಪೆನ್ನಲಾರರು. ಸಂವಿಧಾನದ 47ನೆಯ ವಿಧಿಯೂ ಪಾನನಿರೋಧವನ್ನು ಸರಕಾರದ ಗುರಿಯಾಗಿ ಹೇಳುತ್ತದೆ; ನಮ್ಮ ರಾಜ್ಯ 2007ರಲ್ಲಿ ಸಾರಾಯಿಯನ್ನು ನಿಲ್ಲಿಸಿತು. ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಬಿಯರು ಪವಿತ್ರವಾಗುವುದಿಲ್ಲ, ಅಮಲು ಅಮಲೇ. ನಾನು ಕುಡಿತದ ಪರವಾಗಿ ವಾದಿಸಲು ಹೊರಟವನಲ್ಲ.

ನನ್ನ ಪ್ರಶ್ನೆ ಬೇರೆ. ನಾವು ಕೀಳೆಂದದ್ದು ಕುಡಿತವನ್ನೇ? ಹಾಗಿದ್ದರೆ ಮರದ ಬಾಡಿಗೆಗೆ ನೀರು ಚಿಮುಕಿಸಿ ಪೆಟ್ಟಿಗೆಗೆ ಸೇರಿಸಿದ ನನ್ನ ಅಜ್ಜಿಯನ್ನು ಏನೆನ್ನಬೇಕು? ಪೇಟೆಯ ಹೋಟೆಲಿನಲ್ಲಿ ವಿದೇಶಿ ಸೀಸೆ ತೆರೆಸುವ ನಮ್ಮ ನೆಂಟರಿಷ್ಟರನ್ನು ಯಾರೂ ಅಂಗಳದಲ್ಲಿ ನಿಲ್ಲಿಸುವುದಿಲ್ಲವಲ್ಲ! ನಾವು ಕೀಳೆಂದದ್ದು ಮಾಡುವ ಕೈಯನ್ನು. ಅದೇ ಕೆಲಸವನ್ನು ಥರ್ಮಾಮೀಟರು ಹಿಡಿದು ಒಬ್ಬ ಎಂಜಿನಿಯರು ಮಾಡಿದರೆ ಅದು ವಿಜ್ಞಾನ, ಕಲೆ, ಹವ್ಯಾಸ. ಕತ್ತಿ ಹಿಡಿದು ಒಬ್ಬ ಮೂರ್ತೆಯವನು ಮಾಡಿದರೆ ಅದು ಅವನ ಜಾತಿ. ನನ್ನ ಅಳಿಯ ಬೇಸರವಾದ ದಿನ ಪಾತ್ರೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬಹುದು. ಅವನ ಮರ್ಯಾದೆ ಮೊದಲಿದ್ದಷ್ಟೇ ಇರುತ್ತದೆ. ಅಜ್ಜನ ಮಗನಿಗಾದರೋ ಮರ್ಯಾದೆ ಬೇಕಿದ್ದರೆ ಬಿಡುವುದೊಂದೇ ದಾರಿಯಾಗಿತ್ತು. ಬಿಟ್ಟದ್ದು ಒಳ್ಳೆಯದೇ ಇರಬಹುದು. ಆದರೆ ಹತ್ತು ವರ್ಷದ ಹುಡುಗನೊಬ್ಬನನ್ನು ನಾಚಿಸಿ ಬಿಡಿಸಿದ್ದು ಗುರುಗಳ ಉಪದೇಶವಲ್ಲ, ನನ್ನ ನಾಲಗೆ.

ನಮ್ಮ ಪೇಟೆಗಳಲ್ಲಿ ಇಂದಿಗೂ ‘ಮೂರ್ತೆದಾರರ ಸಹಕಾರಿ ಸಂಘ’ ಎಂಬ ಬೋರ್ಡುಗಳಿವೆ. ಒಳಗೆ ಠೇವಣಿ, ಸಾಲಗಳ ವ್ಯವಹಾರ. ಅಳಿಯ ಬೌಲ್ಡರಿನಲ್ಲಿ ಹುಟ್ಟಿದ ಸಂಘದ ಬಗ್ಗೆ ಹೇಳಿದಾಗ, ದಿನವೂ ಕಾಲೇಜಿಗೆ ಹೋಗುವ ದಾರಿಯಲ್ಲಿ ನಾನು ಕಾಣುವ ಆ ಬೋರ್ಡು ನನಗೆ ನೆನಪಾಗಲಿಲ್ಲ. ಜೊತೆಗಾರರನ್ನು ಹುಡುಕುವುದೆಂದರೆ ಹೊಸಬರನ್ನು ಹುಡುಕುವುದೆಂದೇ ತಿಳಿಯುತ್ತೇವೆ. ಹಿತ್ತಿಲಿನಲ್ಲಿ ಮೊದಲಿನಿಂದಲೂ ಇದ್ದವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಅಳಿಯ ರಜೆ ಮುಗಿಸಿ ಹೊರಟುಹೋದ. ಅವನು ತನ್ನ ಕೂಟದವರಿಗೆ ಅಜ್ಜನ ಮಡಕೆಯ ಕಥೆ ಹೇಳಿದನಂತೆ. ಅವರೆಲ್ಲ ಇನ್ನೂ ಕೇಳಿ ಬಾ ಎಂದು ಪ್ರಶ್ನೆಗಳ ಪಟ್ಟಿಯನ್ನೇ ಕೊಟ್ಟಿದ್ದಾರಂತೆ.

ಮೊನ್ನೆ ಮೊಮ್ಮಗಳ ಮದುವೆಯ ಕರೆಯೋಲೆ ಹಿಡಿದು ಅಜ್ಜ ಮಗಳೊಡನೆ ಉಡುಪಿಯ ನಮ್ಮ ಮನೆಗೆ ಬಂದರು. ಒಳಗೆ ಕರೆದು ಕುರ್ಚಿಯಲ್ಲಿ ಕುಳ್ಳಿರಿಸಿ, ನಾವು ಕುಡಿಯುವ ಲೋಟದಲ್ಲೇ ಕಾಫಿ ಕೊಟ್ಟೆವು. ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಅಜ್ಜ ಕಾಫಿ ಕುಡಿದು, ಮಾತಾಡುತ್ತಲೇ ಎದ್ದು, ಲೋಟವನ್ನು ಹಿಡಿದುಕೊಂಡು ಹೊರಗಿನ ನಳ್ಳಿಯ ಹತ್ತಿರ ಹೋದರು. ನಾನು “ಬೇಡ, ಬೇಡ” ಎನ್ನುವಷ್ಟರಲ್ಲಿ ಅದನ್ನು ತೊಳೆದು, ಜಗಲಿಯ ಅಂಚಿನಲ್ಲಿ ಬೋರಲಾಗಿ ಇಟ್ಟಿದ್ದರು.