ಮಾತಿಲ್ಲದ ಚರಣ

ಹಾಡಿನ ಎರಡನೆಯ ಚರಣ ಮುಗಿದು ಮೂರನೆಯದನ್ನು ಎತ್ತಿಕೊಳ್ಳುವ ಮೊದಲು ಸಭೆಗೆ ಒಂದು ಬಿಡುವು ಸಿಗುತ್ತದೆ. ಹಾಡಿದವರು ಉಸಿರು ತುಂಬಿಕೊಳ್ಳುತ್ತಾರೆ, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಪುಸ್ತಕ ಹಿಡಿದವರು ಹಾಳೆ ತಿರುವುತ್ತಾರೆ. ಡೋಲಕ್ ಮಾತ್ರ ನಡೆದೇ ಇರುತ್ತದೆ. ಆಗ ವಾದ್ಯದವರ ಸಾಲಿನ ಕೊನೆಗೆ ನಿಂತ ಸ್ಯಾಕ್ಸೋಫೋನ್ ಅದೇ ಚರಣವನ್ನು ಮೊದಲಿನಿಂದ ಊದುತ್ತದೆ. ಊದುವವನ ಬಾಯಿ ಪೀಪಿಗೆ ಕಚ್ಚಿಕೊಂಡಿದೆ; ಅಲ್ಲಿಂದ ಒಂದಕ್ಷರವೂ ಹೊರಬರುವಂತಿಲ್ಲ. ಆದರೂ ಮುಂದಿನ ಸಾಲಿನಲ್ಲಿ ಕೂತ ಮುದುಕಿಯ ತುಟಿ ಆಡುತ್ತಿರುತ್ತದೆ. ಪದಕ್ಕೆ ಪದ, ಎಲ್ಲಿಯೂ ತಪ್ಪದೆ.

ಕಲಬುರಗಿ ಸೀಮೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಕ್ರೈಸ್ತ ಸಭೆಗಳಿಗೆ ಸ್ಯಾಕ್ಸೋಫೋನ್ ಬೇಕೇಬೇಕೆಂದೇನೂ ಇಲ್ಲ. ಪೇಟಿ, ಡೋಲಕ್, ತಾಳ ಇದ್ದರೆ ಆರಾಧನೆ ಸಾಗುತ್ತದೆ. ಈಚೆಗೆ ಪೇಟಿಯ ಜಾಗಕ್ಕೆ ಕೀಬೋರ್ಡು ಬಂದಿದೆ. ಮದುವೆ ಬ್ಯಾಂಡಿನಲ್ಲಿ ಊದಿ ಕೈ ಪಳಗಿದವನೊಬ್ಬ ಸಭೆಯ ಮಗನಾಗಿದ್ದರೆ ಭಾನುವಾರ ಅವನ ಪಾಲಿಗೆ ಈ ಬಿಡುವು ಬರುತ್ತದೆ. ನನ್ನ ಬೆರಗು ಅವನ ಕೈಚಳಕಕ್ಕಿಂತ ಹೆಚ್ಚಾಗಿ ಆ ಮುದುಕಿಯ ತುಟಿಯ ಮೇಲೆ ನಿಂತಿದೆ. ಯಾರೂ ಹೇಳದ ಮಾತನ್ನು ಆಕೆ ಕೇಳಿಸಿಕೊಂಡದ್ದು ಎಲ್ಲಿಂದ?

ಈ ಪ್ರಶ್ನೆ ಬೇರೆ ಊರಿನಲ್ಲಿ ಇಷ್ಟು ಕಾಡುತ್ತಿತ್ತೋ ಇಲ್ಲವೋ. ಇದು ಮೊದಲಿನಿಂದಲೂ ಮಾತಿನ ಸೀಮೆ, ಅದರಲ್ಲೂ ಬರೆದಿಟ್ಟ ಮಾತಿನ ಸೀಮೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಭೀಮಾ ನದಿಯ ದಂಡೆಗೆ ಅಶೋಕನ ಶಾಸನವಿರುವ ಚಪ್ಪಡಿ ಸಿಕ್ಕಿತು. ಕಾಳಿಕಾ ಗುಡಿಯಲ್ಲಿ ಅದು ವಿಗ್ರಹದ ಪೀಠವಾಗಿ ಕೂತಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಶಿಲ್ಪ ಕೆತ್ತಿ, ಈತ ಅಶೋಕರಾಯ ಎಂದು ಬ್ರಾಹ್ಮಿಯಲ್ಲಿ ಹೆಸರನ್ನೂ ಕೊರೆದಿದ್ದಾರೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ನೃಪತುಂಗನ ಆ ಆಸ್ಥಾನದ್ದು. ಶಹಾಬಾದ್ ಹತ್ತಿರದ ಮರತೂರು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು; ಆಸ್ತಿ ಹಂಚಿಕೆಯ ವಾದದಲ್ಲಿ ಅವನ ಮಾತು ಬ್ರಿಟಿಷರ ಕಾಲದ ಕೋರ್ಟುಗಳವರೆಗೂ ನಡೆಯಿತು. ಕಾಗಿಣಾ ನದಿಯ ಉದ್ದಕ್ಕೂ ಹಾಸಿದಂತಿರುವ ಫರಸಿ ಕಲ್ಲನ್ನು ನೋಡಿದರೆ ಬರೆಯಲಿಕ್ಕೆಂದೇ ಪದರಪದರವಾಗಿ ಸೀಳಿಟ್ಟ ಹಾಗಿದೆ. ಇಂಥ ನೆಲದ ಮೇಲೆ, ವಾಕ್ಯವನ್ನೇ ನಡುವೆ ಇಟ್ಟುಕೊಂಡ ಒಂದು ಆರಾಧನೆಯಲ್ಲಿ, ಅಕ್ಷರವೇ ಇಲ್ಲದ ನಾದಕ್ಕೆ ಒಂದು ಇಡೀ ಚರಣವನ್ನು ಬಿಟ್ಟುಕೊಡುತ್ತಾರೆ.

ಆ ವಾದ್ಯವಾದರೂ ದೇವರ ಮನೆಗೆಂದು ಹುಟ್ಟಿದ್ದಲ್ಲ. ಬೆಲ್ಜಿಯಂನ ದಿನಾಂ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಯಲಿನಲ್ಲಿ ನಡೆಯುವ ಫ್ರೆಂಚ್ ಸೈನ್ಯದ ಬ್ಯಾಂಡು ಅದರ ಮೊದಲ ಮನೆ. ಮುಂದೆ ಅಮೆರಿಕದ ಜಾಜ್ ಅದನ್ನು ರಾತ್ರಿಯ ವಾದ್ಯವಾಗಿಸಿತು. 1903ರಲ್ಲಿ ಪೋಪ್ ಹತ್ತನೆಯ ಪಿಯುಸ್ ಚರ್ಚಿನ ಸಂಗೀತದ ಬಗ್ಗೆ ಹೊರಡಿಸಿದ ನಿರೂಪದಲ್ಲಿ ಪಿಯಾನೋಗೆ ತಡೆ, ನಗಾರಿ ಜಾಗಟೆಗೆ ತಡೆ, ಚರ್ಚಿನೊಳಗೆ ಬ್ಯಾಂಡಿಗೆ ಕಟ್ಟುನಿಟ್ಟಾದ ತಡೆ ಇತ್ತು. ಊದುವ ವಾದ್ಯ ಬೇಕೆಂದರೆ ಬಿಷಪ್ಪರ ಒಪ್ಪಿಗೆ ಪಡೆದು ಕೆಲವನ್ನು ಮಾತ್ರ ತರಬೇಕಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರ್ಗನ್ನಿಗೆ ಮೊದಲ ಮಣೆ ಹಾಕಿ, ಉಳಿದ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಕಡೆಯ ಮೆಥೋಡಿಸ್ಟ್ ಸಭೆಗಳಿಗೆ ಈ ರೋಮಿನ ಚರ್ಚೆ ತಾಕಿದ್ದಿಲ್ಲ. ಇಲ್ಲಿ ಬಾಜಾ ಎಂದರೆ ಮದುವೆ, ಮೆರವಣಿಗೆ, ಜಾತ್ರೆ. ಸಂತೋಷ ಇರುವಲ್ಲಿ ಅದೂ ಇರಬೇಕು, ಅಷ್ಟೇ.

ಪೆಟ್ಟಿಗೆಯಿಂದ ಅದನ್ನು ತೆಗೆಯುವುದನ್ನು ಹತ್ತಿರದಿಂದ ನೋಡಬೇಕು. ಹೊಳೆಯುವ ಹಿತ್ತಾಳೆಯ ಮೈ, ಅದರ ತುಂಬ ಇಪ್ಪತ್ತಕ್ಕೂ ಹೆಚ್ಚು ಮುಚ್ಚಳ, ಸನ್ನೆ, ಸ್ಪ್ರಿಂಗು. ಇಷ್ಟೆಲ್ಲ ಲೋಹವಿದ್ದರೂ ಸಂಗೀತದವರು ಅದನ್ನು ಮರದ ವಾದ್ಯಗಳ ಗುಂಪಿಗೇ ಸೇರಿಸುತ್ತಾರೆ. ಕಾರಣ, ಅಂಗವಸ್ತ್ರದ ತುದಿಯಲ್ಲಿ ಒರೆಸಿ ಅವನು ಈಗ ಬಾಯಿಗಿಟ್ಟುಕೊಂಡ ಆ ಬೆರಳುದ್ದದ ಸೀಳು. ಅದು ಜೊಂಡಿನ ಜಾತಿಯ ಎತ್ತರದ ಹುಲ್ಲಿನದು. ಅದರ ಒಳ್ಳೆಯ ಬೆಳೆ ದಕ್ಷಿಣ ಫ್ರಾನ್ಸಿನದೆಂದು ಹೆಸರು. ಒಣ ಸೀಳು ನುಡಿಯುವುದಿಲ್ಲ. ನಾಲಿಗೆಯ ಮೇಲೆ ನೆನೆಸಿ, ಅಂಚು ಮೆತ್ತಗಾದ ಮೇಲೆ ಪೀಪಿಗೆ ಕೂರಿಸಿ ತಿರುಪು ಬಿಗಿಯುತ್ತಾನೆ. ಊದಿದಾಗ ಅಲ್ಲಾಡುವುದು ಆ ಹುಲ್ಲಿನ ತುದಿ ಮಾತ್ರ. ಪೇಟಿಯ ಮಧ್ಯ ಸಪ್ತಕದ ಬಿಳಿ ಆರನ್ನು ಹಿಡಿದನೆಂದರೆ ಅದು ಸೆಕೆಂಡಿಗೆ ಸುಮಾರು 440 ಸಲ ತೆರೆದು ಮುಚ್ಚುತ್ತದೆ. ಉಳಿದ ಹಿತ್ತಾಳೆಯೆಲ್ಲ ಗಾಳಿಗೆ ದಾರಿ, ಉದ್ದ ಗಿಡ್ಡ ಮಾಡಿಕೊಳ್ಳಬಹುದಾದ ದಾರಿ. ಕೊಳವೆ ಮೇಲಿಂದ ಕೆಳಗೆ ಅಗಲವಾಗುತ್ತ ಹೋಗುವುದರಿಂದ ಹೆಬ್ಬೆರಳಿನ ಒಂದು ಸನ್ನೆ ಒತ್ತಿದರೆ ಅದೇ ಹಿಡಿತದಲ್ಲಿ ಸ್ವರ ಮೇಲಿನ ಸಪ್ತಕಕ್ಕೆ ನೆಗೆಯುತ್ತದೆ.

ಹವೆಗೆ ಈ ದಾರಿ ಬಲು ಸೂಕ್ಷ್ಮ. ಗಾಳಿ ಬಿಸಿಯಾದಷ್ಟೂ ಶ್ರುತಿ ಏರುತ್ತದೆ. ಕಲಬುರಗಿ ಸೀಮೆಯ ಬಿಸಿಲು ಯಾರಿಗೆ ಗೊತ್ತಿಲ್ಲ. ಶುಭ ಶುಕ್ರವಾರದ ಮಧ್ಯಾಹ್ನದ ಆರಾಧನೆಯಲ್ಲಿ ತಗಡಿನ ಮಾಡಿನ ಕೆಳಗೆ ಸ್ಯಾಕ್ಸೋಫೋನ್ ಕೀಬೋರ್ಡಿಗಿಂತ ಮೇಲೆ ಹೋಗುತ್ತದೆ, ಪೀಪಿಯನ್ನು ಕೊಳವೆಯ ತುದಿಯ ಬೆಂಡಿನ ಮೇಲೆ ಒಂದು ಕೂದಲೆಳೆ ಹೊರಗೆಳೆಯಬೇಕು. ಕ್ರಿಸ್ಮಸ್ಸಿನ ಬೆಳಗಿನ ಚಳಿಗೆ ಅದು ಕೆಳಗಿಳಿಯುತ್ತದೆ, ಒಳಗೆ ತಳ್ಳಬೇಕು. ಬೆಂಡಿನ ಮೇಲೆ ಬಿದ್ದ ಗೆರೆಗಳನ್ನು ನೋಡಿದರೆ ಸಭೆಯ ಹಬ್ಬಗಳ ಪಂಚಾಂಗ ಓದಬಹುದು. ಹೆಸರಿನಲ್ಲೂ ಒಂದು ತಕರಾರಿದೆ. ಪೇಟಿ ಮಾಸ್ತರ ಬಿಳಿ ನಾಲ್ಕು ಎಂದರೆ ಆಲ್ಟೋ ಸ್ಯಾಕ್ಸೋಫೋನಿನವನು ತನ್ನ ಎರಡನೆಯ ಮನೆ, ಅಂದರೆ ‘ಡಿ’ ಹಿಡಿಯಬೇಕು. ಅವನ ವಾದ್ಯದ ‘ಸಿ’ ಪೇಟಿಯ ಕರಿ ಎರಡಕ್ಕೆ ಕೂರುತ್ತದೆ. ಇಬ್ಬರ ಲೆಕ್ಕವೂ ಬೇರೆ, ಹೊರಡುವ ಸ್ವರ ಒಂದೇ.

ಇಷ್ಟು ತಿಳಿದರೆ ಬೆರಗು ಇಳಿಯುತ್ತದೆ ಎನ್ನುವವರಿದ್ದಾರೆ. ನನಗೆ ಹಾಗಾಗಲಿಲ್ಲ. ಹುಲ್ಲು, ಗಾಳಿ, ಕೊಳವೆ, ಶಾಖ ಎಲ್ಲಕ್ಕೂ ವಿವರಣೆ ಸಿಕ್ಕ ಮೇಲೂ ನಾದ ಕೊಳವೆಯ ಬಾಯಿ ದಾಟಿ ಹತ್ತು ಮಾರು ದೂರದ ಒಂದು ಬೆಂಚಿಗೆ ಹೋಗಿ ಕನ್ನಡವಾಗುತ್ತದೆ. ಆ ಹತ್ತು ಮಾರಿನಲ್ಲಿ ಏನಾಯಿತು ಎಂಬುದು ವಾದ್ಯದ ಶಾಸ್ತ್ರಕ್ಕೆ ಸೇರಿದ್ದಲ್ಲ.

ಇಂಥ ಮಾತಿಲ್ಲದ ಊದುವಿಕೆಗೆ ಸಭೆಯ ಹಿರಿಯರು ತಕರಾರು ತೆಗೆದರೆ ಅದಕ್ಕೆ ಆಧಾರವೂ ಉಂಟು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಪೌಲ ಕೊಳಲು, ಕಿನ್ನರಿ, ಕಹಳೆಗಳನ್ನೇ ಎತ್ತಿಕೊಂಡು ಕೇಳುತ್ತಾನೆ: ಸ್ವರಸ್ವರಕ್ಕೆ ಭೇದ ತಿಳಿಯದಿದ್ದರೆ ಏನು ನುಡಿಸಿದ್ದೆಂದು ಯಾರಿಗೆ ಗೊತ್ತಾದೀತು? ಅರ್ಥವಾಗದ ಭಾಷೆಯಲ್ಲಿ ಆವೇಶದಿಂದ ಮಾತಾಡುವವರಿಗೆ ಅವನು ಹೇಳಿದ ಬುದ್ಧಿ ಅದು. ಆದರೆ ಗಮನಿಸಿ, ವಾದ್ಯ ಬೇಡವೆಂದು ಅವನು ಹೇಳಲಿಲ್ಲ. ಸ್ಪಷ್ಟವಾಗಿ ನುಡಿಯಲಿ ಎಂದ. ಅವನಾದ ಮೂರು ಶತಮಾನದ ಮೇಲೆ ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಬಿಷಪ್ಪನಾಗಿದ್ದ ಅಗಸ್ಟೀನ ಕೀರ್ತನೆಗಳ ವ್ಯಾಖ್ಯಾನ ಮಾಡುತ್ತ ಹೊಲಕ್ಕೇ ಹೋಗುತ್ತಾನೆ. ಕೊಯ್ಲಿನವರು ಮೊದಲು ಪದ ಹಾಡುತ್ತಾರೆ, ಸಂತೋಷ ಉಕ್ಕಿದಾಗ ಪದ ಬಿಟ್ಟುಹೋಗಿ ಬರಿಯ ಧ್ವನಿ ಉಳಿಯುತ್ತದೆ, ಹೇಳಲಾರದ ದೇವರಿಗೆ ಅದೇ ತಕ್ಕದ್ದು ಎನ್ನುವುದು ಅವನ ವಾದ. ತೊಗರಿಯ ರಾಶಿ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿಯ ಕಣದ ಹಾಡುಗಳಲ್ಲಿ ಅರ್ಥವಿರುವ ಸಾಲಿಗಿಂತ ಅರ್ಥವಿಲ್ಲದ ಸೊಲ್ಲಿಗೆ ದನಿ ಏರುವುದು ನಮ್ಮಲ್ಲೂ ಇದ್ದದ್ದೇ.

ಅಗಸ್ಟೀನ ಹೇಳಿದ್ದು ಹಾಡುವವನಿಗೆ ಪದ ಬಿಟ್ಟುಹೋಗುವ ಸಂಗತಿ. ಬೆಂಚಿನ ಮೇಲಿನ ಮುದುಕಿಗೆ ಆಗುವುದು ಇದರ ತಿರುಗುಮುರುಗು. ಬಿಟ್ಟುಹೋದ ಪದ ಅವಳಲ್ಲಿಗೆ ಮರಳಿ ಬರುತ್ತದೆ. ಇದನ್ನು ಕರಾವಳಿಯವರು ಚೆನ್ನಾಗಿ ಬಲ್ಲರು. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಆ ಪರದೇಶಿ ಕೊಳವೆಗೆ ಗಮಕ ಕಲಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದಕ್ಷಿಣ ಕನ್ನಡದ ದೇವಸ್ಥಾನ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ಮಂಗಳವಾದ್ಯವೇ ಆಗಿಹೋಗಿತ್ತು. ಅವರು ದಾಸರ ಪದವೊಂದರ ಪಲ್ಲವಿ ಎತ್ತಿದರೆ ಕೇಳುತ್ತಿದ್ದವರ ಮನಸ್ಸಿನಲ್ಲಿ ಸಾಹಿತ್ಯ ತಾನಾಗಿ ಓಡುತ್ತಿತ್ತು. ಕದ್ರಿಯ ಗುಡಿಯಲ್ಲಿ ನಡೆದದ್ದೂ ವಾಡಿಯ ಸಭೆಯಲ್ಲಿ ನಡೆಯುವುದೂ ಒಂದೇ ಕೆಲಸ.

ವಾಡಿಯ ಕಡೆ ಇದಕ್ಕೆ ಇನ್ನೊಂದು ಮಡಿಕೆ ಇದೆ. ಮುಂಬೈ–ಮದ್ರಾಸ್ ದಾರಿಯಿಂದ ನಿಜಾಮರ ರೈಲು 1874ರಲ್ಲಿ ಸಿಕಂದರಾಬಾದಿಗೆ ಕವಲೊಡೆದದ್ದು ಇಲ್ಲೇ. ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರು ಮುಟ್ಟುವಷ್ಟರಲ್ಲಿ ಡಬ್ಬಿಯೊಳಗಿನ ಮಾತು ಕನ್ನಡದಿಂದ ತೆಲುಗಿಗೆ ಹೊರಳಿರುತ್ತದೆ. ದಖನಿ ಎರಡರ ನಡುವೆಯೂ ಓಡಾಡುತ್ತದೆ. ರೈಲು, ಕಲ್ಲಿನ ಖಣಿ, ಸಿಮೆಂಟು ಅರಸಿ ಬಂದವರಿಂದ ಸಭೆಗಳೂ ಬೆರಕೆಯಾದವು. ಇದೇ ಹಳಿಯ ಮೇಲೆ ಮುಂದೆ ಹೋದರೆ ಧಾರೂರು. ಅಲ್ಲಿ ನವೆಂಬರ್ ತಿಂಗಳಲ್ಲಿ ನೆರೆಯುವ, ನೂರು ವರ್ಷ ಕಂಡ ಮೆಥೋಡಿಸ್ಟರ ಜಾತ್ರೆಗೆ ಕನ್ನಡದವರೂ ತೆಲುಗಿನವರೂ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಒಂದೇ ಧಾಟಿಗೆ ಕನ್ನಡದ ಪದವೂ ಇರುತ್ತದೆ, ತೆಲುಗಿನದೂ ಇರುತ್ತದೆ, ಹಿಂದಿಯದೂ ಇರುತ್ತದೆ. ಹಾಡುವಾಗ ಯಾವುದಾದರೂ ಒಂದನ್ನು ಆರಿಸಲೇಬೇಕು. ಆರಿಸಿದ ಕೂಡಲೆ ಉಳಿದವರು ಸ್ವಲ್ಪ ಹೊರಗಾಗುತ್ತಾರೆ. ಸ್ಯಾಕ್ಸೋಫೋನಿನ ಚರಣದಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ. ಸೇಡಮ್ಮಿನ ಹೆಂಗಸು ಅದನ್ನು ಕನ್ನಡದಲ್ಲಿ ಕೇಳುತ್ತಾಳೆ, ತಾಂಡೂರಿನಿಂದ ಸೊಸೆಯಾಗಿ ಬಂದವಳು ತೆಲುಗಿನಲ್ಲಿ ಕೇಳುತ್ತಾಳೆ, ಒಂದೇ ಬೆಂಚಿನ ಮೇಲೆ ಕೂತು.

ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದ ಪಂಚಾಶತ್ತಮ ಹಬ್ಬದ ಕತೆ ಎಲ್ಲರೂ ಬಲ್ಲದ್ದು. ಬಿರುಗಾಳಿಯಂಥ ಸದ್ದು ಮನೆ ತುಂಬುತ್ತದೆ. ಪಾರ್ಥ್ಯರು, ಮೇದ್ಯರು, ಕ್ರೇತದವರು, ಅರಬರು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ದೇವರ ಮಹಿಮೆ ಕೇಳಿ ದಂಗಾಗುತ್ತಾರೆ. ಅದನ್ನು ಓದುವಾಗೆಲ್ಲ ನಮ್ಮ ಲಕ್ಷ್ಯ ಮಾತಾಡಿದವರ ನಾಲಿಗೆಯ ಮೇಲೇ ಇರುತ್ತದೆ. ಕೇಳಿದವರ ಕಿವಿಯಲ್ಲೂ ಅಷ್ಟೇ ದೊಡ್ಡ ಅಚ್ಚರಿ ನಡೆದಿತ್ತಲ್ಲ ಎಂದು ನನಗೆ ಹೊಳೆದದ್ದು ಈ ಹಿತ್ತಾಳೆಯ ಕೊಳವೆಯಿಂದ.

ಹಾಗೆಂದು ಕಿವಿ ಬರಿಗೈಯಲ್ಲಿ ಏನನ್ನೂ ಮಾಡಲಾರದು. ಸಭೆಗೆ ಗೊತ್ತಿಲ್ಲದ ಹೊಸ ಧಾಟಿಯನ್ನು ಎಷ್ಟೇ ಚಂದ ಊದಲಿ, ಜನ ತಲೆದೂಗಿ ಸುಮ್ಮನಾಗುತ್ತಾರೆ, ಯಾರ ತುಟಿಯೂ ಆಡುವುದಿಲ್ಲ. ಆ ಮುದುಕಿ ಅಕ್ಷರ ಕಲಿತವಳಲ್ಲದಿರಬಹುದು. ಮಗುವಾಗಿದ್ದಾಗಿನಿಂದ ಹಾಡಿ ಹಾಡಿ ಅವಳು ಕೂಡಿಟ್ಟದ್ದನ್ನು ಸ್ಯಾಕ್ಸೋಫೋನ್ ತಟ್ಟುತ್ತದೆ. ಕೂಡಿಟ್ಟದ್ದು ಇದ್ದರೆ ಓಗೊಡುತ್ತದೆ. ಬೆರಗು ಅಜ್ಞಾನದ ಮಗು ಎನ್ನುವುದು ರೂಢಿಯ ಮಾತು. ಇಲ್ಲಿ ಅದು ಬಲ್ಲವರಿಗೆ ಮಾತ್ರ ಒಲಿಯುತ್ತದೆ, ಬಾಯಿಪಾಠ ಇದ್ದವರಿಗೆ.

ಊದುವವನಿಗೂ ಅದೇ ಕಟ್ಟಳೆ. ಹಾಡು ಬಾರದವನು ಬೆರಳಿನಿಂದ ಧಾಟಿ ಕಲಿತು ಬಂದರೆ ಸ್ವರ ಸರಿ ಇರುತ್ತದೆ, ಉಸಿರು ತಪ್ಪುತ್ತದೆ. ಪದದ ನಡುವೆ ಉಸಿರೆಳೆದುಕೊಂಡನೋ, ಬೆಂಚಿನ ಮೇಲಿನ ತುಟಿಗಳು ತಬ್ಬಿಬ್ಬಾಗುತ್ತವೆ. ಒತ್ತಕ್ಷರ ಬಂದಲ್ಲಿ ನಾಲಿಗೆ ಸೀಳಿಗೆ ಗಟ್ಟಿಯಾಗಿ ತಾಗಬೇಕು, ದೀರ್ಘ ಬಂದಲ್ಲಿ ಗಾಳಿ ನಿಲ್ಲಬೇಕು, ಸಾಲು ಮುಗಿದಲ್ಲೇ ಎದೆ ತುಂಬಿಕೊಳ್ಳಬೇಕು. ಆದ್ದರಿಂದ ಸ್ಯಾಕ್ಸೋಫೋನ್ ಕಲಿಯುತ್ತೇನೆಂದು ಯಾವ ಹುಡುಗನಾದರೂ ಬಂದರೆ ಅವನ ಕೈಗೆ ವಾದ್ಯ ಕೊಡುವ ಮೊದಲು ಆ ಮುದುಕಿಯ ಪಕ್ಕ ಕೂರಿಸಿ ಒಂದು ವರ್ಷ ಹಾಡಿಸುವುದು ಒಳ್ಳೆಯದು.